ಬ್ಯಾಲೆ: ಮೊದಲು ನೆಲ, ಆಮೇಲೆ ಶೂ

ಮುಂಬಯಿ, ಪುಣೆಯ ಓದುಗರಿಂದ ಬ್ಯಾಲೆ ನೃತ್ಯದ ಕಲಿಕೆ, ಪ್ರದರ್ಶನ, ಕಲಿಸುವಿಕೆ ಕುರಿತು ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಗಳಿಗೆ 10 ವರ್ಷ. ಎರಡು ವರ್ಷದಿಂದ ವಾರಕ್ಕೊಮ್ಮೆ ಬ್ಯಾಲೆ ಕ್ಲಾಸು. ಜೊತೆಯ ಹುಡುಗಿ ಪಾಯಿಂಟ್ ಶೂ (ಬೆರಳ ತುದಿಯ ಮೇಲೆ ನಿಂತು ಕುಣಿಯಲು ಹಾಕುವ ಗಟ್ಟಿ ಮೂತಿಯ ಶೂ) ತಂದಳೆಂದು ಇವಳಿಗೂ ಬೇಕಂತೆ. ಟೀಚರು ಈಗಲೇ ಬೇಡ ಅನ್ನುತ್ತಾರೆ. ಬೆಳೆಯುವ ಕಾಲಲ್ಲವೇ, ಒಂದು ಸೈಜ್ ದೊಡ್ಡದನ್ನೇ ಆನ್‌ಲೈನಿನಲ್ಲಿ ತರಿಸಿಡಲೇ?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ತರಿಸಬೇಡಿ. ಒಂದು ಸೈಜ್ ದೊಡ್ಡದಂತೂ ಬೇಡವೇ ಬೇಡ. ಶಾಲೆಯ ಬೂಟಿಗೆ ನಡೆಯುವ ಲೆಕ್ಕ ಇಲ್ಲಿ ನಡೆಯದು. ಪಾಯಿಂಟ್ ಶೂ ಸಡಿಲವಿದ್ದರೆ ಪಾದ ಒಳಗೆ ಜಾರಿ, ಇಡೀ ಮೈಭಾರ ಹೆಬ್ಬೆರಳ ಉಗುರಿನ ಮೇಲೆ ಬೀಳುತ್ತದೆ. ಉಗುರು ಕಪ್ಪಾಗುತ್ತದೆ, ಶೂ ತಿರುಚುತ್ತದೆ, ಹಿಂದೆಯೇ ಕಣಕಾಲೂ ಉಳುಕುತ್ತದೆ. ಬಿಗಿಯಾಗಿದ್ದರೆ ಬೆರಳುಗಳು ಮಡಚಿಕೊಳ್ಳುತ್ತವೆ. ಸರಿಯಾದ ಶೂನಲ್ಲಿ ನಿಂತಾಗ ಬೆರಳುಗಳು ಉದ್ದಕ್ಕೆ ಚಪ್ಪಟೆಯಾಗಿರಬೇಕು, ತುದಿ ತಾಗಬೇಕು, ಮಡಚಬಾರದು. ತುದಿಗಾಲಿಗೆ ಏರಿದಾಗ ಹಿಮ್ಮಡಿಯ ಬಳಿ ಬಟ್ಟೆಯನ್ನು ಎರಡು ಬೆರಳಲ್ಲಿ ಚಿವುಟುವಷ್ಟೇ ಸಡಿಲ ಸಿಗಬೇಕು. ಇದನ್ನು ಟೀಚರ ಕಣ್ಣೆದುರು ಹಾಕಿ ನೋಡಿಯೇ ತಿಳಿಯಬೇಕು.

ಸಾಮಾನ್ಯವಾಗಿ 11-12ಕ್ಕೆ ಮೊದಲು ಯಾರೂ ಪಾಯಿಂಟ್ ಶುರುಮಾಡಿಸುವುದಿಲ್ಲ. ಪಾದದ ಎಲುಬು ಇನ್ನೂ ಬಲಿಯುತ್ತಿರುತ್ತದೆ ಎಂಬುದು ಒಂದು ಕಾರಣ. ಆದರೆ ವಯಸ್ಸಿಗಿಂತ ಮುಖ್ಯವಾದದ್ದು ಬಲ, ಮತ್ತು ಎಷ್ಟು ಕ್ಲಾಸು ಆಗಿದೆ ಎಂಬುದು. ವಾರಕ್ಕೊಂದು ಕ್ಲಾಸು ಸಾಲದು. ಕನಿಷ್ಠ ಎರಡಾದರೂ ಬೇಕು, ಅದೂ ಕೆಲವು ವರ್ಷ.

ಮನೆಯಲ್ಲೇ ನೋಡಬಹುದಾದ ಎರಡು ಪರೀಕ್ಷೆಗಳಿವೆ. ಕಾಲು ಚಾಚಿ ಕೂತು ಪಾದವನ್ನು ಪೂರ್ತಿ ಮುಂದಕ್ಕೆ ಚೂಪು ಮಾಡಲಿ. ಕಣಕಾಲಿನ ಮೇಲೆ ಮೊಣಕಾಲಿನಿಂದ ಪಾದದ ದಿಕ್ಕಿಗೆ ಉದ್ದುದ್ದ ಪೆನ್ಸಿಲ್ ಇಡಿ. ಅದು ಕೆಳಗಾಲಿನ ಮುಂದಿನ ಎಲುಬಿಗೂ ಪಾದದ ಬೆನ್ನಿಗೂ ಒಂದೇ ಗೆರೆಯಲ್ಲಿ ಕೂರಬೇಕು. ಪಾದದ ತುದಿ ಪೆನ್ಸಿಲನ್ನು ಮೇಲೆತ್ತಿದರೆ ಬಾಗು ಸಾಲದೆಂದರ್ಥ. ಎರಡನೆಯದು: ಗೋಡೆಗೆ ಬೆರಳು ತಾಗಿಸಿ, ಒಂಟಿ ಕಾಲಲ್ಲಿ, ಮೊಣಕಾಲು ಮಡಚದೆ, ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸಬೇಕು. ಎರಡು ಕಾಲಿಗೂ 20 ಸಲದ ಹತ್ತಿರ ಬರಬೇಕು. ಹನ್ನೆರಡನೆಯದಕ್ಕೇ ಪಾದ ಕಿರುಬೆರಳಿನ ಕಡೆ ವಾಲಿದರೆ ಅಲ್ಲಿಗೆ ಲೆಕ್ಕ ನಿಂತಿತು. ಎರಡರಲ್ಲೂ ಪಾಸಾದರೂ ಕೊನೆಯ ಮಾತು ಟೀಚರದ್ದೇ. ಶುರುವಾದ ಮೇಲೂ ಮೊದಲ ತಿಂಗಳುಗಳಲ್ಲಿ ಕ್ಲಾಸಿನ ಕೊನೆಯ 10-15 ನಿಮಿಷ ಮಾತ್ರ, ಬಾರ್ (ಆಧಾರಕ್ಕೆ ಹಿಡಿಯುವ ಅಡ್ಡಕಂಬಿ) ಹಿಡಿದುಕೊಂಡೇ.

ಪ್ರಶ್ನೆ: ಮಗಳು ಭರತನಾಟ್ಯ, ಬ್ಯಾಲೆ ಎರಡನ್ನೂ ಕಲಿಯುತ್ತಿದ್ದಾಳೆ. ಎರಡು ದೋಣಿಯಲ್ಲಿ ಕಾಲಿಡಬೇಡಿ ಎನ್ನುತ್ತಾರೆ ಗುರುಗಳು. ಮುಂದಿನ ವರ್ಷ ರಂಗಪ್ರವೇಶವಿದೆ.
— ಓದುಗರು, ಮುಲುಂಡ್

ಉತ್ತರ: ದೋಣಿ ಎರಡಾದರೂ ಸೊಂಟದ ಕೀಲು ಒಂದೇ. ಅರೆಮಂಡಿಗೂ ಬ್ಯಾಲೆಯ ಟರ್ನ್‌ಔಟ್‌ಗೂ ಕಾಲು ಹೊರಕ್ಕೆ ತಿರುಗಬೇಕಾದ್ದು ಅಲ್ಲಿಂದ. ಮಂಡಿಯನ್ನೋ ಪಾದವನ್ನೋ ತಿರುಚಿ ಕೋನ ಹೆಚ್ಚಿಸಿಕೊಳ್ಳುವ ಮಕ್ಕಳಿಗೆ ಎರಡು ಶೈಲಿಯಲ್ಲೂ ಮಂಡಿನೋವು ತಪ್ಪಿದ್ದಲ್ಲ. ಮಂಡಿಚಿಪ್ಪು ಎರಡನೆಯ ಬೆರಳಿನ ನೇರಕ್ಕೆ ಇದೆಯೇ ಎಂದು ಎದುರು ನಿಂತು ನೋಡಿ.

ವ್ಯತ್ಯಾಸ ಇರುವುದು ಭಾರದಲ್ಲಿ. ಅರೆಮಂಡಿಯಲ್ಲಿ ಕೂತು ಅಲ್ಲೇ ನಿಲ್ಲಬೇಕು, ಪಾದ ಚಪ್ಪಟೆಯಾಗಿ ನೆಲ ತಟ್ಟಬೇಕು. ಬ್ಯಾಲೆಯ ಪ್ಲಿಯೆಯಲ್ಲಿ, ಅಂದರೆ ಮಂಡಿ ಬಗ್ಗಿಸುವ ಭಂಗಿಯಲ್ಲಿ, ಕೂರುವುದು ಏಳುವುದಕ್ಕಾಗಿ. ಜಿಗಿದು ಇಳಿಯುವಾಗ ಬೆರಳು, ಮುಂಗಾಲು, ಹಿಮ್ಮಡಿ ಎಂಬ ಕ್ರಮದಲ್ಲಿ ನೆಲ ಮುಟ್ಟಬೇಕು. ರಂಗಪ್ರವೇಶಕ್ಕೆ ಆರೆಂಟು ವಾರ ಇರುವಾಗ ಬ್ಯಾಲೆಯ ಜಿಗಿತ ನಿಲ್ಲಿಸಿ, ಬಾರ್ ಹಿಡಿದು ಮಾಡುವ ವ್ಯಾಯಾಮ ಮಾತ್ರ ಮುಂದುವರಿಸಲಿ. ಒಂದೇ ದಿನ ಎರಡು ಕ್ಲಾಸು ಬೇಡ. ಅಂದಹಾಗೆ, 1928ರಲ್ಲಿ ಮುಂಬಯಿಗೆ ಬಂದಿದ್ದ ರಷ್ಯದ ಬ್ಯಾಲೆ ನರ್ತಕಿ ಆನ್ನಾ ಪಾವ್ಲೋವಾ ಅವರ ನೃತ್ಯ ನೋಡಿ, ಅವರ ತಂಡದ ಕ್ಲಿಯೊ ನಾರ್ಡಿ ಬಳಿ ಬ್ಯಾಲೆ ಕಲಿತವರೇ ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್. ಚೆನ್ನೈಯಲ್ಲಿ ಅವರ ನೃತ್ಯಶಾಲೆ ಕಲಾಕ್ಷೇತ್ರ ಹುಟ್ಟಿದ್ದು ಆಮೇಲೆ, 1936ರಲ್ಲಿ. ಗುರುಗಳಿಗೆ ಇಷ್ಟನ್ನು ವಿನಯದಿಂದ ಹೇಳಿ ನೋಡಬಹುದು.

ಪ್ರಶ್ನೆ: ನನಗೆ 19. ಹಿಪ್‌ಹಾಪ್ ಮಾಡುತ್ತಿದ್ದೆ, ಒಂದು ವರ್ಷದಿಂದ ಬ್ಯಾಲೆ. ವಿದೇಶಿ ಬ್ಯಾಲೆ ಕಂಪನಿಗೆ ಸೇರಬಹುದೇ?
— ವಿದ್ಯಾರ್ಥಿ, ಪುಣೆ

ಉತ್ತರ: ದೊಡ್ಡ ಕ್ಲಾಸಿಕಲ್ ಕಂಪನಿ ಎಂದಾದರೆ, ಬಹುಮಟ್ಟಿಗೆ ಇಲ್ಲ. ಅಲ್ಲಿಗೆ ಸೇರುವವರು ಪೂರ್ಣಾವಧಿ ಶಾಲೆಯಲ್ಲಿ ಓದಿ 18-19ಕ್ಕೆ ಹೊರಬಿದ್ದವರು. ಮುಂಬಯಿಯಲ್ಲಿ ಬ್ಯಾಲೆ ಗುರು ಯೆಹುದಾ ಮಾವೊರ್ ಅವರಲ್ಲಿ ಕಲಿತು 2017ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆ ಸ್ಕೂಲಿಗೆ ಆಯ್ಕೆಯಾದ ಅಮೀರುದ್ದೀನ್ ಶಾ ಕೂಡ ಹೋದದ್ದು ಹದಿಹರೆಯದಲ್ಲೇ. ಕಂಟೆಂಪರರಿ ತಂಡಗಳು, ಸಂಗೀತ ನಾಟಕಗಳ ಬಾಗಿಲು ನಿಮಗೆ ತೆರೆದಿದೆ. ಅಲ್ಲಿ ಹಿಪ್‌ಹಾಪ್ ಕೂಡ ಲಾಭವೇ. ವಾರಕ್ಕೆ ನಾಲ್ಕೈದು ಕ್ಲಾಸು, ತಲಾ 90 ನಿಮಿಷ, ಇದಕ್ಕಿಂತ ಕಡಿಮೆಯಾದರೆ ಫಲವಿಲ್ಲ. ಆಡಿಷನ್ ವಿಡಿಯೊ ಕಳಿಸುವಾಗ ಕ್ಯಾಮೆರಾ ಅಲುಗಬಾರದು, ಪಾದ ಚೌಕಟ್ಟಿನಿಂದ ಹೊರಹೋಗಬಾರದು, ಒಂದು ವ್ಯಾಯಾಮದ ನಡುವೆ ಕಟ್ ಇರಬಾರದು. ಸಡಿಲ ಪ್ಯಾಂಟು ಹಾಕಿದರೆ ಮಂಡಿ ಕಾಣದು, ನೋಡುವವರು ಅಲ್ಲಿಗೇ ಮುಚ್ಚಿಬಿಡುತ್ತಾರೆ.

ಪ್ರಶ್ನೆ: ನನಗೆ 33. ಹತ್ತು ವರ್ಷದಿಂದ ವೇದಿಕೆಯಲ್ಲಿದ್ದೇನೆ. ತುದಿಗಾಲಿಗೆ ಏರಿದಾಗ ಕಣಕಾಲಿನ ಹಿಂದೆ ಚುಚ್ಚುತ್ತದೆ. ಪ್ರದರ್ಶನ ಕಡಿಮೆ ಮಾಡಿ ನಮ್ಮ ಸೊಸೈಟಿ ಹಾಲಿನಲ್ಲಿ ಕ್ಲಾಸು ಶುರುಮಾಡಬೇಕೆಂದಿದ್ದೇನೆ. ಹಾಲಿಗೆ ಟೈಲ್ಸ್ ಇದೆ.
— ನರ್ತಕಿ, ಗೋರೆಗಾಂವ್

ಉತ್ತರ: ಮೊದಲು ಕಣಕಾಲು. ನೋವು ಹಿಂಬದಿಯಲ್ಲಿ, ಪಾದ ಚೂಪು ಮಾಡಿದಾಗಲೇ ಬರುವುದಾದರೆ, ಅಲ್ಲಿನ ಹೆಚ್ಚುವರಿ ಎಲುಬಿನ ತುಣುಕು ಸಿಕ್ಕಿಕೊಳ್ಳುತ್ತಿರಬಹುದು, ಇಲ್ಲವೇ ಹೆಬ್ಬೆರಳನ್ನು ಮಡಚುವ ಸ್ನಾಯುರಜ್ಜು ಊದಿರಬಹುದು. ಎರಡರ ಚಿಕಿತ್ಸೆಯೂ ಬೇರೆ. ಸ್ಪ್ರೇ ಹೊಡೆದುಕೊಂಡು ಶೋ ಮುಗಿಸುವುದನ್ನು ಬಿಟ್ಟು ಮೂಳೆ ತಜ್ಞರಿಗೆ ತೋರಿಸಿ. ಕಲಿಸಿದರೆ ಕಾಲಿಗೆ ವಿಶ್ರಾಂತಿ ಎಂದುಕೊಂಡಿದ್ದರೆ ಅದು ತಪ್ಪು. ಮೈ ಬಿಸಿಯಾಗದೆ, ಬ್ಯಾಚಿನ ಮೇಲೆ ಬ್ಯಾಚಿಗೆ, ಯಾವಾಗಲೂ ಬಲಗಾಲಿನಲ್ಲೇ ತೋರಿಸಿ ತೋರಿಸಿ ಸೊಂಟ ಕೆಡಿಸಿಕೊಂಡ ಟೀಚರುಗಳು ಬೇಕಾದಷ್ಟು. ದಿನದ ಮೊದಲ ಬ್ಯಾಚಿಗೆ ಮುನ್ನ ನಿಮ್ಮದೇ 30 ನಿಮಿಷ ಬಾರ್ ವ್ಯಾಯಾಮ ಮಾಡಿ. ಎಡ ಬಲ ಬದಲಿಸಿ. ದೊಡ್ಡ ಜಿಗಿತವನ್ನು ಬಾಯಲ್ಲಿ ಹೇಳಿ, ಕೈಯಲ್ಲಿ ತೋರಿಸಿ, ಚೆನ್ನಾಗಿ ಮಾಡುವ ಹುಡುಗಿಯಿಂದ ಮಾಡಿಸಿ.

ಇನ್ನು ಟೈಲ್ಸ್. ಅದರ ಮೇಲೆ ಜಿಗಿಸಲೇಬೇಡಿ. ಕಾಂಕ್ರೀಟಿಗೆ ಅಂಟಿದ ಟೈಲ್ಸ್ ಒಂದಿಷ್ಟೂ ಬಗ್ಗುವುದಿಲ್ಲ. ಪೆಟ್ಟೆಲ್ಲ ಕೆಳಗಾಲಿನ ಮುಂದಿನ ಎಲುಬಿಗೆ ಹೋಗಿ, ಮೊದಲು ಉರಿನೋವು, ನಿರ್ಲಕ್ಷಿಸಿದರೆ ಕೂದಲೆಳೆಯ ಬಿರುಕು. ಮೇಲೆ ವಿನೈಲ್ ಹಾಸಿದ ಮಾತ್ರಕ್ಕೆ ಇದು ಸರಿಹೋಗದು, ವಿನೈಲ್ ತಡೆಯುವುದು ಜಾರುವುದನ್ನು ಮಾತ್ರ. ಬಡಗಿಯಿಂದ ಹೀಗೆ ಮಾಡಿಸಿ: ಕೆಳಗೆ ಗಟ್ಟಿ ಫೋಮಿನ ತುಂಡುಗಳು ಅಡಿಗೊಂದರಂತೆ, ಅವುಗಳ ಮೇಲೆ 12 ಮಿ.ಮೀ. ಪ್ಲೈವುಡ್ ಒಂದು ಪದರ, ಅದರ ಮೇಲೆ ಅಡ್ಡಡ್ಡಲಾಗಿ ಇನ್ನೊಂದು, ಕೆಳಗಿನ ಸಂದಿಯ ಮೇಲೆ ಮೇಲಿನ ಸಂದಿ ಬರದಂತೆ, ಕೊನೆಗೆ ವಿನೈಲ್. ಗೋಡೆಯ ಸುತ್ತ ಒಂದು ಸೆಂ.ಮೀ. ಬಿಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಮರ ಉಬ್ಬಿ ನಡುವೆ ಗುಡ್ಡ ಏಳುತ್ತದೆ. ಮುಂಬಯಿಯ ಹವೆಗೆ ಮರೈನ್ ಪ್ಲೈ ಬಿಟ್ಟು ಬೇರೆ ಯೋಚಿಸಬೇಡಿ. ಹಾಲಿನಲ್ಲಿ ಮದುವೆ, ನಾಮಕರಣ ನಡೆಯುತ್ತದೆಯಾದರೆ ಕಮಿಟಿಯವರು ಕಾಯಂ ನೆಲಕ್ಕೆ ಒಪ್ಪುವುದು ಕಷ್ಟ. 4 ಅಡಿ ಚೌಕದ, ಜೋಡಿಸಿ ಬಿಚ್ಚುವ ಹಲಗೆಗಳಾಗಿ ಮಾಡಿಸಿ.

ಬಾರ್‌ನ ಎತ್ತರ ದೊಡ್ಡವರಿಗೆ ನೂರು ಸೆಂ.ಮೀ. ಮೇಲೆ, ಮಕ್ಕಳಿಗೆ 80ರ ಆಸುಪಾಸು. ಬ್ಯಾಚಿಗೆ 12 ಮಕ್ಕಳು ಸಾಕು, ಹೆಚ್ಚಾದರೆ ಪಾದಗಳು ಕಣ್ಣಿಗೆ ಬೀಳುವುದಿಲ್ಲ. 5-7 ವಯಸ್ಸಿನವರಿಗೆ 45 ನಿಮಿಷ.

ತಂದೆತಾಯಂದಿರು ಮೊದಲ ದಿನವೇ ಪರೀಕ್ಷೆ, ಸರ್ಟಿಫಿಕೇಟಿನ ಬಗ್ಗೆ ಕೇಳುತ್ತಾರೆ. 1920ರಲ್ಲಿ ಲಂಡನ್ನಿನಲ್ಲಿ ಶುರುವಾದ ರಾಯಲ್ ಅಕಾಡೆಮಿ ಆಫ್ ಡಾನ್ಸ್‌ನ ಗ್ರೇಡ್ 1ರಿಂದ 8ರವರೆಗಿನ ಪರೀಕ್ಷೆಗಳು ಮುಂಬಯಿಯಲ್ಲಿ ಹಳೆಯ ಪರಿಚಯ. ವೃತ್ತಿಗೆ ಹೋಗುವವರಿಗೆ ಇಂಟರ್‌ಮೀಡಿಯೆಟ್ ಫೌಂಡೇಶನ್ ಎಂಬ ಹಂತದಿಂದ ಶುರುವಾಗುವ ಬೇರೆ ಪರೀಕ್ಷೆಗಳ ಸಾಲು. ಮಕ್ಕಳನ್ನು ಈ ಪರೀಕ್ಷೆಗಳಿಗೆ ಕೂರಿಸಬೇಕಾದರೆ ನೀವು ಅವರ ಶಿಕ್ಷಕ ತರಬೇತಿ ಮುಗಿಸಿ ನೋಂದಾಯಿತರಾಗಿರಬೇಕು. ವೇದಿಕೆಯ ಅನುಭವ ಎಷ್ಟಿದ್ದರೂ ಅದರ ಬದಲಿಗೆ ನಡೆಯದು. ಪ್ರದರ್ಶನದ ಆದಾಯ ಪೂರ್ತಿ ನಿಲ್ಲುವ ಮೊದಲೇ ಆ ತರಬೇತಿ ಮುಗಿಸಿಕೊಳ್ಳಿ.

ಪ್ರಶ್ನೆ: ಜುಲೈನಲ್ಲಿ ಪಾಯಿಂಟ್ ಶೂ ಎರಡೇ ವಾರಕ್ಕೆ ಮೆತ್ತಗಾಗುತ್ತದೆ. ಏನು ಮಾಡಲಿ?
— ವಿದ್ಯಾರ್ಥಿನಿ, ಠಾಣೆ

ಉತ್ತರ: ಶೂನ ಮೂತಿ ಬಟ್ಟೆ, ಕಾಗದದ ಪದರಗಳನ್ನು ಅಂಟಿನಲ್ಲಿ ಕೂಡಿಸಿದ್ದು. ಬೆವರು, ತೇವದ ಗಾಳಿ ಸೇರಿದರೆ ಅಂಟು ಸಡಿಲವಾಗುತ್ತದೆ. ಕ್ಲಾಸು ಮುಗಿದೊಡನೆ ಒಳಗಿನ ಪ್ಯಾಡ್ ತೆಗೆದು, ಕಾಗದ ತುರುಕಿ, ಒಂದು ಗಂಟೆಯ ನಂತರ ಆ ಒದ್ದೆ ಕಾಗದ ಬದಲಿಸಿ. ಜಾಲರಿ ಚೀಲದಲ್ಲಿ ಫ್ಯಾನಿನ ಕೆಳಗೆ ನೇತುಹಾಕಿ. ಪ್ಲಾಸ್ಟಿಕ್ ಚೀಲ ಬೇಡ. ಹೇರ್ ಡ್ರೈಯರ್ ಹಿಡಿದರೆ ಹೊರಗಿನ ಸ್ಯಾಟಿನ್ ಒಣಗುತ್ತದೆ, ಒಳಗೆ ಹಾಗೇ ತೇವ. ಎರಡು ಜೋಡಿ ಇಟ್ಟುಕೊಂಡು ದಿನಬಿಟ್ಟು ದಿನ ಹಾಕಿದರೆ ಎರಡೂ ಹೆಚ್ಚು ಬಾಳುತ್ತವೆ. ಮೂತಿಯ ಒಳತುದಿಗೆ ಸೂಪರ್ ಗ್ಲೂ ನಾಲ್ಕೈದು ಹನಿ ಬಿಟ್ಟು ರಾತ್ರಿಯಿಡೀ ಒಣಗಿಸಿದರೆ ಇನ್ನಷ್ಟು ಕ್ಲಾಸು ಸಿಗುತ್ತದೆ, ಆದರೆ ಮುಂಗಾಲು ಮಡಚುವ ಜಾಗಕ್ಕೆ ಹಾಕಬೇಡಿ. ಅಟ್ಟೆಯೊಳಗಿನ ಪಟ್ಟಿಯೇ ಪಾದದ ಕಮಾನಿನ ಕೆಳಗೆ ಮುರಿದಿದ್ದರೆ ಯಾವ ಅಂಟೂ ನಡೆಯದು, ಆ ಶೂನಲ್ಲಿ ಮತ್ತೆ ಏರಬೇಡಿ. ರಿಬ್ಬನ್, ಇಲಾಸ್ಟಿಕ್ ಬಿಚ್ಚಿ ತೊಳೆದಿಟ್ಟುಕೊಳ್ಳಿ, ಹೊಸ ಜೋಡಿಗೆ ಹೊಲಿಯಲು ಆಗುತ್ತದೆ.