ಜಿಂಪ್‌ನಲ್ಲಿ ಕನ್ನಡ ಅಕ್ಷರ ತಾನೇ ಬರೆದುಕೊಳ್ಳುವಂತೆ ಅನಿಮೇಷನ್ ಮಾಡುವುದು ಹೇಗೆ?

ಚಿತ್ರ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ ಪ್ರತಿ ಫ್ರೇಮಿಗೂ (ಅನಿಮೇಷನ್ನಿನ ಒಂದೊಂದು ಬಿಡಿ ಚಿತ್ರಕ್ಕೂ) ಅಕ್ಷರದ ಲೇಯರನ್ನು, ಅಂದರೆ ಪದರವನ್ನು, ನಕಲು ಮಾಡಿ, ಇರೇಸರ್‌ನಿಂದ ಅಷ್ಟಷ್ಟೇ ಅಳಿಸುತ್ತಿದ್ದೇನೆ, ಒಂದು ಕಡೆ ಕೈ ತಪ್ಪಿದರೂ ಮೊದಲಿಂದ ಶುರು ಮಾಡಬೇಕಾಗುತ್ತದೆ ಎಂದು ಬರೆದಿದ್ದೀರಿ. ಇರೇಸರ್ ಬಿಟ್ಟುಬಿಡಿ. ನಿಮಗೆ ಬೇಕಿರುವುದು ಲೇಯರ್ ಮಾಸ್ಕ್. ನಮ್ಮಕ್ಕ ನಲಿ-ಕಲಿ ಮಕ್ಕಳಿಗೆ ಪಾಠ ಮಾಡುತ್ತಾರೆ. ಅವರ ತರಗತಿಗೆಂದು ರ, ಗ, ಸ, ದ, ಅ ಐದನ್ನೂ ನಾನು ಹೀಗೇ ಮಾಡಿಕೊಟ್ಟಿದ್ದೇನೆ. ನೀವೂ ರ-ದಿಂದಲೇ ಶುರು ಮಾಡಿ, ಕೈ ಪಳಗುತ್ತದೆ.

ಮಾಸ್ಕ್ ಅಂದರೆ ಲೇಯರಿನ ಮೇಲೆ ಹೊದಿಸಿದ ಪರದೆ. ಅದರಲ್ಲಿ ಕಪ್ಪು ಇದ್ದಲ್ಲಿ ಲೇಯರ್ ಕಾಣುವುದಿಲ್ಲ, ಬಿಳಿ ಇದ್ದಲ್ಲಿ ಕಾಣುತ್ತದೆ. ಅಕ್ಷರಕ್ಕೆ ಏನೂ ಆಗುವುದಿಲ್ಲ, ಪರದೆ ಮಾತ್ರ ಸರಿಯುತ್ತದೆ. ತಪ್ಪಾಗಿ ಬಳಿದರೆ ಅದೇ ಜಾಗಕ್ಕೆ ಕಪ್ಪು ಬಳಿದರಾಯಿತು.

800×800 ಪಿಕ್ಸೆಲ್‌ನ ಬಿಳಿ ಹಿನ್ನೆಲೆ ತೆಗೆದುಕೊಂಡು, ಯೂನಿಕೋಡ್‌ನಲ್ಲಿ ಅಕ್ಷರವನ್ನು ದೊಡ್ಡದಾಗಿ ಟೈಪ್ ಮಾಡಿ. ನೋಟೋ ಸಾನ್ಸ್ ಕನ್ನಡ ಫಾಂಟ್ ಸಾಕು. ಆ ಲೇಯರನ್ನು ಒಮ್ಮೆ ನಕಲು ಮಾಡಿ, ಕೆಳಗಿನದರ ಒಪ್ಯಾಸಿಟಿಯನ್ನು (ಗಾಢತೆಯನ್ನು) ಶೇಕಡಾ 20ಕ್ಕೆ ಇಳಿಸಿ. ಈ ಮಸುಕು ಅಕ್ಷರ ಕೊನೆವರೆಗೂ ಕಾಣುತ್ತಿರಲಿ. ಗೆರೆ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಮಗುವಿಗೆ ಮೊದಲೇ ಗೊತ್ತಾಗುವುದು ಅದರಿಂದಲೇ, ದಯವಿಟ್ಟು ಇದನ್ನು ಬಿಡಬೇಡಿ. ಈಗ ಮೇಲಿನ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ, ಆಡ್ ಲೇಯರ್ ಮಾಸ್ಕ್‌ನಲ್ಲಿ ಬ್ಲ್ಯಾಕ್ ಆರಿಸಿ. ಗಾಢ ಅಕ್ಷರ ಮಾಯವಾಗುತ್ತದೆ.

ಪೇಂಟ್‌ಬ್ರಷ್ ಹಿಡಿಯುವ ಮೊದಲು ಲೇಯರ್ ಪಟ್ಟಿಯಲ್ಲಿ ಮಾಸ್ಕಿನ ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿ. ಇಲ್ಲದಿದ್ದರೆ ಬಣ್ಣ ಅಕ್ಷರದ ಮೇಲೇ ಬೀಳುತ್ತದೆ. ಅಂಚು ಗಟ್ಟಿಯಿರುವ ಬ್ರಷ್ ಆರಿಸಿ, ಗಾತ್ರ ಗೆರೆಯ ದಪ್ಪಕ್ಕಿಂತ ಕೂದಲೆಳೆಯಷ್ಟು ಹೆಚ್ಚಿರಲಿ. ಬಿಳಿ ಬಣ್ಣದಲ್ಲಿ, ನಾವು ಕೈಯಲ್ಲಿ ಬರೆಯುವ ದಿಕ್ಕಿನಲ್ಲೇ ಒಂದಿಷ್ಟು ದೂರ ಬಳಿಯಿರಿ. ಮೊದಲು ಗುಂಡು, ಕೊನೆಗೆ ತಲೆಕಟ್ಟು.

ಪದಗಳಿಗೆ ಕೆಲವರು ಮಾಸ್ಕಿನಲ್ಲಿ ಗ್ರೇಡಿಯೆಂಟ್ (ಕಪ್ಪಿನಿಂದ ಬಿಳಿಗೆ ನಿಧಾನಕ್ಕೆ ತಿರುಗುವ ಬಣ್ಣ) ಎಳೆದು ಎಡದಿಂದ ಬಲಕ್ಕೆ ತೆರೆಯುತ್ತಾರಲ್ಲ, ಅದು ಶುಭಾಶಯ ಪತ್ರಕ್ಕೆ ಚೆಂದ. ಬರವಣಿಗೆ ಕಲಿಸಲು ಬೇಡವೇ ಬೇಡ. ನಮ್ಮ ಅಕ್ಷರಗಳು ಸುತ್ತಿ ಹಿಂದಕ್ಕೆ ಬರುತ್ತವೆ. ಎಡದಿಂದ ತೆರೆದರೆ ಗುಂಡಿನ ಮೇಲುಗೆರೆ, ಕೆಳಗೆರೆ ಎರಡೂ ಒಟ್ಟಿಗೆ ಮೂಡುತ್ತವೆ, ಮಗು ತಪ್ಪನ್ನೇ ಕಲಿಯುತ್ತದೆ. ಅ-ದಲ್ಲಿ ಗೆರೆಗಳು ಕೂಡುವ ಕಡೆ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ: ಒಂದು ಗೆರೆ ಬಳಿಯುವಾಗ ಪಕ್ಕದ್ದೂ ಚೂರು ಇಣುಕುತ್ತದೆ. ಎಕ್ಸ್ ಕೀಲಿ ಒತ್ತಿದರೆ ಬಿಳಿ-ಕಪ್ಪು ಅದಲುಬದಲಾಗುತ್ತವೆ. ಜೂಮ್ ಮಾಡಿ ಆ ಚೂರನ್ನು ಕಪ್ಪಿನಿಂದ ಮುಚ್ಚಿ, ಸರದಿ ಬಂದಾಗ ತೆರೆಯಿರಿ. ನನಗೆ ಹೆಚ್ಚು ಹೊತ್ತು ಹಿಡಿದದ್ದು ಇದೊಂದೇ.

ಪ್ರತಿ ಸಲ ಬಳಿದ ಮೇಲೆ ಲೇಯರ್ ಮೆನುವಿನಲ್ಲಿ ನ್ಯೂ ಫ್ರಮ್ ವಿಸಿಬಲ್ ಒತ್ತಿ. ಆ ಕ್ಷಣಕ್ಕೆ ಚಿತ್ರದಲ್ಲಿ ಕಾಣುವುದೆಲ್ಲ ಒಂದು ಹೊಸ ಲೇಯರ್ ಆಗುತ್ತದೆ. ಅದೇ ನಿಮ್ಮ ಫ್ರೇಮ್. ಕೂಡಲೇ ಲೇಯರ್ ಪಟ್ಟಿಯಲ್ಲಿ ಅದರ ಕಣ್ಣಿನ ಗುರುತಿನ ಮೇಲೆ ಕ್ಲಿಕ್ ಮಾಡಿ ಅದನ್ನು ಮರೆಮಾಡಿ, ಇಲ್ಲದಿದ್ದರೆ ಮುಂದೆ ಬಳಿಯುವುದು ಅದರಡಿ ಮುಚ್ಚಿಹೋಗುತ್ತದೆ. ಮತ್ತೆ ಮಾಸ್ಕಿಗೆ ಹೋಗಿ ಇನ್ನಷ್ಟು ಬಳಿಯಿರಿ. ರ-ಕ್ಕೆ 12 ಫ್ರೇಮ್ ಸಾಕಾಯಿತು, ಅ-ಕ್ಕೆ 18 ಬೇಕಾಯಿತು.

ಹಿನ್ನೆಲೆ ಪಾರದರ್ಶಕವಾಗಿರಲಿ ಎಂದು ನೀವು ಕೇಳಿದ್ದೀರಿ. ಬೇಡ ಅನ್ನುತ್ತೇನೆ. ಕೊನೆಗೆ ನಾವು ಉಳಿಸುವುದು ಗಿಫ್ ಎಂಬ ಚಲಿಸುವ ಚಿತ್ರದ ಫೈಲಾಗಿ. ಅದರಲ್ಲಿ ಒಂದು ಪಿಕ್ಸೆಲ್ ಪೂರ್ತಿ ಕಾಣಬೇಕು ಇಲ್ಲವೇ ಪೂರ್ತಿ ಮಾಯವಾಗಬೇಕು, ಅರೆಪಾರದರ್ಶಕ ಎನ್ನುವುದೇ ಇಲ್ಲ. ಗುಂಡಾದ ಅಂಚುಗಳು ಗರಗಸದ ಹಲ್ಲಿನಂತಾಗುತ್ತವೆ. ಬಿಳಿ ಹಿನ್ನೆಲೆ ಸೇರಿಸಿಯೇ ಫ್ರೇಮ್ ತೆಗೆದರೆ ಅಂಚು ನಯವಾಗಿರುತ್ತದೆ. ಗಿಫ್‌ನ 256 ಬಣ್ಣಗಳ ಮಿತಿಯೂ ಇಂಥ ಚಿತ್ರಕ್ಕೆ ಅಡ್ಡಿಯಲ್ಲ.

ಎಲ್ಲ ಮುಗಿದ ಮೇಲೆ ಮೊದಲು ಎಕ್ಸ್‌ಸಿಎಫ್ ಆಗಿ, ಅಂದರೆ ಲೇಯರುಗಳನ್ನೆಲ್ಲ ಹಾಗೇ ಇಟ್ಟುಕೊಳ್ಳುವ ಜಿಂಪ್‌ನದೇ ಫೈಲಾಗಿ, ಉಳಿಸಿ. ಆಮೇಲೆ ಇನ್ನೊಂದು ಹೆಸರಿನ ಪ್ರತಿಯಲ್ಲಿ ಹಿನ್ನೆಲೆ, ಮಸುಕು ಅಕ್ಷರ, ಮಾಸ್ಕ್ ಇರುವ ಲೇಯರ್ ಮೂರನ್ನೂ ತೆಗೆದುಹಾಕಿ ಫ್ರೇಮುಗಳ ಕಣ್ಣು ತೆರೆಯಿರಿ. ಫಿಲ್ಟರ್ಸ್, ಅನಿಮೇಷನ್, ಪ್ಲೇಬ್ಯಾಕ್‌ನಲ್ಲಿ ನೋಡಿ. ಅಕ್ಷರ ಮೂಡುವ ಬದಲು ಅಳಿಸಿಹೋಗುತ್ತಿದ್ದರೆ ಗಾಬರಿಯಾಗಬೇಡಿ. ಜಿಂಪ್ ಕೆಳಗಿನ ಲೇಯರನ್ನು ಮೊದಲ ಫ್ರೇಮ್ ಎಂದು ಎಣಿಸುತ್ತದೆ, ನಿಮ್ಮ ಪಟ್ಟಿ ತಲೆಕೆಳಗಾಗಿದೆ ಅಷ್ಟೆ. ಲೇಯರ್, ಸ್ಟ್ಯಾಕ್, ರಿವರ್ಸ್ ಲೇಯರ್ ಆರ್ಡರ್ ಕೊಡಿ.

ಗಿಫ್ ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಆಸ್ ಅನಿಮೇಷನ್ ಟಿಕ್ ಮಾಡಿ, ವಿಳಂಬ 120 ಮಿಲಿಸೆಕೆಂಡ್ ಇಡಿ. ಕೊನೆಯ ಫ್ರೇಮ್ ಮಾತ್ರ ಎರಡು ಸೆಕೆಂಡ್ ನಿಲ್ಲಬೇಕು, ಮಗು ಪೂರ್ತಿ ಅಕ್ಷರವನ್ನು ಕಣ್ತುಂಬ ನೋಡಬೇಕಲ್ಲ. ಅದಕ್ಕೆ ಆ ಲೇಯರಿನ ಹೆಸರಿನ ಕೊನೆಗೆ ಆವರಣದೊಳಗೆ 2000 ಎಂದು ಬರೆದು, ಜಾಗ ಬಿಡದೆ ಇಂಗ್ಲಿಷಿನ ಸಣ್ಣ ಎಂ, ಎಸ್ ಅಕ್ಷರಗಳನ್ನು ಆವರಣದೊಳಗೇ ಸೇರಿಸಿ: (2000ms).

ಮುಂದಿನ ಅಕ್ಷರಕ್ಕೆ ಹಳೆಯ ಎಕ್ಸ್‌ಸಿಎಫ್ ತೆರೆದು ಹಳೆಯ ಫ್ರೇಮುಗಳನ್ನು ಅಳಿಸಿ, ಎರಡೂ ಲೇಯರಿನ ಅಕ್ಷರ ಬದಲಿಸಿ, ಮಾಸ್ಕಿಗೆ ಮತ್ತೆ ಕಪ್ಪು ತುಂಬಿ. ಒತ್ತಕ್ಷರ ಮಾಡುವಾಗ ಮೇಲಿನ ಅಕ್ಷರ ಪೂರ್ತಿಯಾದ ಮೇಲೆಯೇ ಒತ್ತು ತೆರೆಯಿರಿ, ನಡುವೆ ಒಂದು ಫ್ರೇಮನ್ನು ಅರ್ಧ ಸೆಕೆಂಡ್ ನಿಲ್ಲಿಸಿ.