ಕಾಳಿಯ ಕಲ್ಲು, ಕರಿಯನ ಬಟ್ಟಲು

ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ರಿಟೈರ್ಡ್ ಪ್ರೈಮರಿ ಸ್ಕೂಲ್ ಟೀಚರ್. ಹೋದ ತಿಂಗಳು ನಮ್ಮ ಕರಿಯ ತೀರಿಕೊಂಡ. ಜಾತಿ ನಾಯಿಯಲ್ಲ, ಬೀದಿಯಲ್ಲಿ ಸಿಕ್ಕಿದ ಮರಿ. 13 ವರ್ಷ ನಮ್ಮ ಜೊತೆ ಇದ್ದ. ಕಿಡ್ನಿ ಕೆಟ್ಟಿತ್ತು, ನಮಗೆ ಮೊದಲೇ ಗೊತ್ತಾಗಲಿಲ್ಲ. ಒಂಬತ್ತು ದಿನ ಡ್ರಿಪ್ ಹಾಕಿಸಿದೆವು. ಕೊನೆಗೆ ಡಾಕ್ಟರು, ಇನ್ನು ನರಳಿಸೋದು ಬೇಡಮ್ಮ ಎಂದರು. ಇಂಜೆಕ್ಷನ್ ಕೊಡುವಾಗ ನಾನು ಹೊರಗೆ ನಿಂತಿದ್ದೆ. ಎರಡು ದಿನ ಒಲೆ ಹಚ್ಚಲಿಲ್ಲ. ನಮ್ಮ ಭಾವನವರು, "ಒಂದು ನಾಯಿಗೆ ಇಷ್ಟೊಂದಾ? ಮನುಷ್ಯರಿಗೇ ಅಳೋರಿಲ್ಲ" ಎಂದರು. ಅಕ್ಕಪಕ್ಕದವರಿಗೆ ಜ್ವರ ಎಂದು ಸುಳ್ಳು ಹೇಳಿದೆ. ನಾನು ಮಾಡಿದ್ದು ಜಾಸ್ತಿಯಾಯಿತಾ? ಇಂಜೆಕ್ಷನ್ ಕೊಡಿಸಿದ್ದು ಪಾಪವಾ? ಅವನ ಬಟ್ಟಲು ಇನ್ನೂ ಹಿತ್ತಲಲ್ಲೇ ಇದೆ, ಏನು ಮಾಡಲಿ? ಇಂಥ ಸಣ್ಣ ವಿಷಯಕ್ಕೆ ನಿಮ್ಮ ಸಮಯ ತೆಗೆದುಕೊಂಡೆ, ಕ್ಷಮಿಸಿ. (ಹೆಸರು ಬೇಡ, ತಿಪಟೂರು)

ಉತ್ತರ: ಟೀಚರಮ್ಮ, ಜಗಳದಿಂದಲೇ ಶುರು ಮಾಡುತ್ತೇನೆ. ಆ ಕೊನೆಯ ಸಾಲು ಯಾಕೆ ಬರೆದಿರಿ? ಸಣ್ಣ ವಿಷಯವಂತೆ, ಕ್ಷಮಿಸಬೇಕಂತೆ. ಈ ತಿಂಗಳು ನನ್ನ ಮೇಜಿನ ಮೇಲೆ ಪತ್ರಗಳ ರಾಶಿಯೇ ಇದೆ. ಅರ್ಧ ರಾಜಕೀಯ. ಇನ್ನರ್ಧದಲ್ಲಿ ನಮ್ಮ ಕಾಗುಣಿತದ ತಪ್ಪು ಹಿಡಿದವರು. ಪದಬಂಧದಲ್ಲಿ ಎಡದಿಂದ ಬಲ 14 ತಪ್ಪು ಎಂದು ಒಬ್ಬರು ಮೂರನೇ ಸಲ ಬರೆದಿದ್ದಾರೆ. (ತಪ್ಪಲ್ಲ ಸ್ವಾಮಿ.) ಅವರಲ್ಲಿ ಒಬ್ಬರೂ ಕ್ಷಮೆ ಕೇಳಿಲ್ಲ. 13 ವರ್ಷದ ಜೊತೆಗಾರನನ್ನು ಕಳೆದುಕೊಂಡ ನೀವು ಕೇಳಿದ್ದೀರಿ.

ಭಾವನವರ ಮಾತಿಗೂ ಅದರ ನ್ಯಾಯ ಕೊಡೋಣ. ಅಳುವವರಿಲ್ಲದೆ ಹೋಗುವ ಮನುಷ್ಯರು ಇದ್ದಾರೆ, ನಿಜ. ಬೀದಿ ನಾಯಿ ಕಚ್ಚಿ ಮಗು ಆಸ್ಪತ್ರೆಯಲ್ಲಿರುವ ಮನೆಗೆ ಹೋಗಿ ನಾಯಿಯ ಗುಣಗಾನ ಮಾಡಲು ನನಗೂ ನಾಲಿಗೆ ಏಳುವುದಿಲ್ಲ. ಅಷ್ಟು ಒಪ್ಪಿದೆ. ಆದರೆ ಅಳು ಏನು ರೇಷನ್ ಅಕ್ಕಿಯಾ, ನಾಯಿಗೆ ಅಳೆದುಕೊಟ್ಟರೆ ಮನುಷ್ಯರ ಪಾಲಿಗೆ ಕಮ್ಮಿ ಬೀಳೋಕೆ? ನಾಯಿಗೆ ಅಳದವರು ಆ ಉಳಿತಾಯವನ್ನೆಲ್ಲ ಮನುಷ್ಯರ ಮೇಲೆ ಸುರಿದದ್ದನ್ನು ನಾನಂತೂ ನೋಡಿಲ್ಲ.

ನನಗೆ ಕೋಪ ಬರುವುದು ಇನ್ನೊಂದು ಮಾತಿಗೆ. ಭಾವನವರು ಆಡಿರಲಾರರು, ಆದರೆ ಸುತ್ತಮುತ್ತ ಯಾರಾದರೂ ಆಡಿಯೇ ಇರುತ್ತಾರೆ. ನಾಯಿಗೆ ಅಳೋದು ಪೇಟೆಯವರ ಶೋಕಿ, ಇಂಗ್ಲಿಷಿನವರಿಂದ ಕಲಿತದ್ದು, ನಮ್ಮ ಕಡೆ ಇದೆಲ್ಲ ಇರಲಿಲ್ಲ. ಇದನ್ನು ಕೇಳಿದಾಗೆಲ್ಲ ಅವರ ಕೈ ಹಿಡಿದು ಬೆಂಗಳೂರಿನ ಕಸ್ತೂರಬಾ ರಸ್ತೆಗೆ ಎಳೆದುಕೊಂಡು ಹೋಗಬೇಕು ಅನ್ನಿಸುತ್ತದೆ. ಅಲ್ಲಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಒಂದು ಕಲ್ಲಿದೆ. ಮದ್ದೂರು ತಾಲೂಕಿನ ಆತಕೂರಿನಿಂದ ತಂದದ್ದು. ಕಾಲ ಶಕ 872, ಅಂದರೆ ಕ್ರಿ.ಶ. 950ರ ಸುಮಾರು, ಇಂದಿಗೆ ಸಾವಿರ ವರ್ಷದ ಮೇಲಾಯಿತು. ಕಲ್ಲಿನ ಮೇಲೆ ಒಂದು ಹಂದಿ, ಅದರ ಮೇಲೆ ಬಿದ್ದಿರುವ ಒಂದು ನಾಯಿ, ಸುತ್ತ ಹಳಗನ್ನಡದ ಸಾಲುಗಳು.

ಕತೆ ಹೀಗಿದೆ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ದೊಡ್ಡ ಯುದ್ಧ. ಗಂಗರ ಬೂತುಗ ರಾಷ್ಟ್ರಕೂಟರ ಕಡೆ ಇದ್ದ. ಅವನ ಕಡೆಯ ವೀರ ಮಣಲೆರ. ಯುದ್ಧದಲ್ಲಿ ಅವನು ತೋರಿಸಿದ ಕೆಚ್ಚಿಗೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದ. ಇಂಥ ಹೊತ್ತಿನಲ್ಲಿ ಜನ ಏನು ಕೇಳುತ್ತಾರೆ? ಚಿನ್ನ, ಕುದುರೆ, ಪದವಿ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೊಂದು ದಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಆತಕೂರಿನ ಚಲ್ಲೇಶ್ವರನ ಗುಡಿ ಮುಂದೆ ಕಲ್ಲು ನಿಲ್ಲಿಸಿದರು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆ ಬಿಟ್ಟರು. ಅಷ್ಟೇ ಅಲ್ಲ, ಗುಡಿ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆ ಎಂದೂ ಕೆತ್ತಿಸಿದರು. ನೀವು ಎರಡು ದಿನ ಒಲೆ ಹಚ್ಚಲಿಲ್ಲ ಎಂದು ಮುಜುಗರ ಪಡುತ್ತಿದ್ದೀರಿ. ಅಲ್ಲಿ ನಾಯಿಯ ಕಲ್ಲಿಗೆ ಕೈ ಮುಗಿಯದೆ ಊಟವೇ ಇಲ್ಲ.

ಯುದ್ಧದ ಚರಿತ್ರೆ ಬರೆಯುವವರು ಈ ಕಲ್ಲನ್ನು ತಕ್ಕೋಲಕ್ಕಾಗಿ ಓದುತ್ತಾರೆ. ಯಾರು ಯಾರನ್ನು ಕೊಂದರು, ಯಾರಿಗೆ ಯಾವ ನಾಡು ಸಿಕ್ಕಿತು. ಓದಲಿ, ಬೇಡ ಎನ್ನುವುದಿಲ್ಲ. ಆದರೆ ಕಲ್ಲು ನೆಟ್ಟದ್ದು ಕಾಳಿಗೆ. ರಾಜರೆಲ್ಲ ಅದರಲ್ಲಿ ನಾಯಿಯ ನೆಪದಲ್ಲಿ ಬಂದುಹೋಗುತ್ತಾರೆ.

ಜಪಾನಿನ ಹಾಚಿಕೋ ಎಲ್ಲರಿಗೂ ಗೊತ್ತು. 1925ರಲ್ಲಿ ಸತ್ತ ಪ್ರೊಫೆಸರಿಗಾಗಿ 1935ರವರೆಗೆ ಶಿಬುಯಾ ಸ್ಟೇಷನ್ನಿನಲ್ಲಿ ಕಾದ ನಾಯಿ. ನನ್ನ ವಾಟ್ಸಾಪಿಗೆ ವರ್ಷಕ್ಕೆ ನಾಲ್ಕು ಸಲ ಬರುತ್ತಾನೆ, ಹಿನ್ನೆಲೆಯಲ್ಲಿ ಪಿಟೀಲು. ಪಾಪ, ಒಳ್ಳೆಯ ನಾಯಿ, ನನಗೆ ಅವನ ಮೇಲೆ ಸಿಟ್ಟಿಲ್ಲ. ಅವನಿಗಿಂತ ಸುಮಾರು ಸಾವಿರ ವರ್ಷ ಹಿರಿಯ ಕಾಳಿಯ ಕತೆಯನ್ನು ಮಂಡ್ಯದವರೇ ನನಗೆ ಒಮ್ಮೆಯೂ ಕಳಿಸಿಲ್ಲ ಎಂಬುದು ಸಿಟ್ಟು.

ಭಾವನವರು ಪುರಾಣ ಕೇಳುವವರಾದರೆ ಇನ್ನೊಂದು ಹೇಳಿ. ಮಹಾಭಾರತ ಶುರುವಾಗುವ ಹೊತ್ತಿಗೇ ಒಂದು ನಾಯಿಮರಿ ಏಟು ತಿನ್ನುತ್ತದೆ. ಜನಮೇಜಯನ ಯಾಗದ ಹತ್ತಿರ ಸುಮ್ಮನೆ ಬಂದ ಮರಿ. ಏನನ್ನೂ ಮುಟ್ಟಿರಲಿಲ್ಲ, ಮೂಸಿಯೂ ಇರಲಿಲ್ಲ. ಅವನ ತಮ್ಮಂದಿರು ಹೊಡೆದರು. ತಾಯಿ ಸರಮೆ ಬಂದು, ತಪ್ಪು ಮಾಡದವನಿಗೆ ಹೊಡೆದಿರಿ, ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಶಾಪ ಕೊಟ್ಟಳು. ಕೊನೆಯಲ್ಲಿ ಧರ್ಮರಾಯ, ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲ್ಲ ಎಂದು ನಿಂತುಬಿಟ್ಟ. ಆ ನಾಯಿ ಯಮಧರ್ಮನೇ ಅಲ್ವಾ, ಅದಕ್ಕೇ ಎಂದು ಕೆಲವರು ತಳ್ಳಿಹಾಕುತ್ತಾರೆ. ಅದು ನಮಗೆ ಗೊತ್ತು. ಧರ್ಮರಾಯನಿಗೆ ಗೊತ್ತಿರಲಿಲ್ಲ. ಅವನ ಮಟ್ಟಿಗೆ ಅದು ಬರೀ ನಾಯಿ. ನಮ್ಮ ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಗಮಕ ಕೇಳುವವರಿಗೆ ಈ ನಾಯಿ ಸಿಗುವುದಿಲ್ಲ. ಭಾವನವರ ತಪ್ಪು ಅಲ್ಲೇ ಇರಬಹುದು.

ಇನ್ನು ಆ ಜ್ವರದ ಸುಳ್ಳು. ಅದಕ್ಕೆ ಬೈಯಬೇಕು ಎಂದುಕೊಂಡೆ, ನಮ್ಮ ಅಪ್ಪ ನೆನಪಾದರು. ಅರಸೀಕೆರೆ ಕಡೆ ನಮ್ಮದು ಸ್ವಲ್ಪ ತೆಂಗಿನ ತೋಟ. ಕೆಂಚ ಎಂಬ ನಾಯಿ ಇತ್ತು. ತುಂಬಾ ವಯಸ್ಸಾಗಿತ್ತು. ಒಂದು ಸಂಜೆ ಎದ್ದು ಎಲ್ಲಿಗೋ ಹೋಯಿತು, ಬರಲಿಲ್ಲ. ಅಪ್ಪ ಅಳುವ ಜಾತಿಯವರಲ್ಲ. ಅಜ್ಜಿ ಸತ್ತಾಗಲೂ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡದ್ದು ಬಿಟ್ಟರೆ ಏನೂ ಮಾಡಿದವರಲ್ಲ. ಅವತ್ತು ರಾತ್ರಿ ಬ್ಯಾಟರಿ ಹಿಡಿದು, "ಕರೆಂಟು ಬಂತಾ ನೋಡ್ಕೊಂಡು ಬರ್ತೀನಿ" ಎಂದು ಹೋದರು. ಮಾರನೇ ರಾತ್ರಿಯೂ ಹೋದರು. ಅದರ ಮಾರನೇ ರಾತ್ರಿಯೂ. ಆ ವಾರವಿಡೀ ಮಳೆ ಹಿಡಿದಿತ್ತು, ಮೋಟರು ಹಾಕುವ ಮಾತೇ ಇರಲಿಲ್ಲ. ಅಮ್ಮ ಗೊತ್ತಿದ್ದೂ ಕೇಳಲಿಲ್ಲ. ನಾಲ್ಕನೇ ದಿನ ಹುಲ್ಲಿನ ಬಣವೆಯ ಹಿಂದೆ ಸಿಕ್ಕಿತು. ತೆಂಗಿನ ಬುಡದಲ್ಲಿ ಗುಂಡಿ ತೆಗೆದು, ಉಪ್ಪು ಹಾಕಿ, ತಮ್ಮ ಪಂಚೆಯಲ್ಲೇ ಸುತ್ತಿ ಮಣ್ಣು ಮಾಡಿದರು. ಹಾಗಾಗಿ ನಿಮಗೆ ಜ್ವರ, ಅವರಿಗೆ ಕರೆಂಟು. ಬೈಯುವುದಿಲ್ಲ ಬಿಡಿ.

ಕಿಡ್ನಿಯ ವಿಷಯ. ಮೊದಲೇ ಗೊತ್ತಾಗಲಿಲ್ಲ ಎಂದು ಬರೆದಿದ್ದೀರಿ. ಆ ಸಾಲಿನಲ್ಲಿ ಇಂಕು ಹರಡಿತ್ತು, ಅದಕ್ಕೇ ಕೇಳಿಕೊಂಡು ಬಂದೆ. ಪಶುವೈದ್ಯ ಸ್ನೇಹಿತರು ಹೇಳುವುದು ಇಷ್ಟು: ನಾಯಿಯ ಕಿಡ್ನಿಯ ಕೆಲಸ ಮುಕ್ಕಾಲು ಭಾಗ ನಿಂತುಹೋಗುವ ತನಕ ರಕ್ತದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಮೇಲಕ್ಕೆ ಏರುವುದಿಲ್ಲ. ಅಲ್ಲಿಯವರೆಗೆ ಕಾಣುವುದು ನೀರು ಜಾಸ್ತಿ ಕುಡಿಯೋದು, ಉಚ್ಚೆ ಜಾಸ್ತಿ ಹೊಯ್ಯೋದು, ಸ್ವಲ್ಪ ತೆಳ್ಳಗಾಗೋದು. ಬೇಸಿಗೆಯಲ್ಲಿ ಯಾವ ನಾಯಿ ನೀರು ಕುಡಿಯಲ್ಲ? ಬಾಯಿ ವಾಸನೆ, ವಾಂತಿ, ಅನ್ನ ಬಿಡೋದು ಬರುವ ಹೊತ್ತಿಗೆ ಕಾಲ ಮೀರಿರುತ್ತದೆ. ಮೇಲಾಗಿ ನಾಯಿ ನೋವನ್ನು ಮುಚ್ಚಿಡುವ ಪ್ರಾಣಿ. ನೀವು ನೋಡದೆ ಹೋದದ್ದಲ್ಲ, ಅದು ತೋರಿಸಿರಲಿಲ್ಲ.

ಇಂಜೆಕ್ಷನ್ನೂ ಅಷ್ಟೆ. ಮೊದಲು ಮಂಪರಿನ ಮದ್ದು, ಆಮೇಲೆ ಆಪರೇಷನ್ನಿಗೆ ಕೊಡುವಂಥ ಅರಿವಳಿಕೆಯನ್ನೇ ಅಳತೆ ಮೀರಿ ಕೊಡುತ್ತಾರೆ. ನಿದ್ದೆ ಬರುತ್ತದೆ, ಉಸಿರು ನಿಲ್ಲುತ್ತದೆ, ಎದೆ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ. ಆಮೇಲೂ ಒಂದೊಂದು ಸಲ ಎದೆ ಎದ್ದು ಇಳಿಯುತ್ತದೆ, ಅದು ಜೀವವಲ್ಲ, ಸ್ನಾಯು. ಇದನ್ನು ಬಾಗಿಲ ಹೊರಗೆ ನಿಂತವರಿಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಬರೆದೆ. ಪಾಪವಾ ಎಂದು ಕೇಳಿದ್ದೀರಿ. ಹತ್ತನೇ ದಿನವೂ ಡ್ರಿಪ್ ಹಾಕಿಸಿದ್ದರೆ ಯಾರಿಗೋಸ್ಕರ ಹಾಕಿಸುತ್ತಿದ್ದಿರಿ? ಕರಿಯನಿಗೋಸ್ಕರ ಅಲ್ಲ, ಅಲ್ವಾ?

ಹೊರಗೆ ನಿಂತದ್ದಕ್ಕೆ ನಾನು ಏನೂ ಹೇಳಲಾರೆ, ಯಾಕೆಂದರೆ ನಾನೂ ನಿಂತಿದ್ದೆ. ಫೋನು ಬಂದವನ ಹಾಗೆ ಕಿವಿಗಿಟ್ಟುಕೊಂಡು ವರಾಂಡದಲ್ಲಿ ಓಡಾಡುತ್ತಿದ್ದೆ. ಒಳಗೆ ನಮ್ಮ ಗುಂಡನ ತಲೆ ಹಿಡಿದುಕೊಂಡದ್ದು ನನ್ನ ಹೆಂಡತಿ. ಎಲ್ಲ ಮುಗಿದ ಮೇಲೆ ಕಾಂಪೌಂಡರ್ ಹುಡುಗ ಬಂದು, "ಸಾರ್, ಬಿಲ್ಲಿಗೆ ಯಾವ ಹೆಸರು ಬರೀಲಿ? ನಿಮ್ದಾ, ನಾಯೀದಾ?" ಎಂದ. ನಾಯೀದೇ ಬರಿ ಎಂದೆ. ಗುಂಡ, ವಯಸ್ಸು 14 ಎಂದು ಬರೆದ. ಗುಂಡನ ಹೆಸರಿರುವ ಕಾಗದ ಈ ಪ್ರಪಂಚದಲ್ಲಿ ಅದೊಂದೇ. ಮನೆಯ ಪತ್ರದ ಫೈಲಿನಲ್ಲಿ ಇಟ್ಟಿದ್ದೇನೆ.

ನಮ್ಮ ಸಮಾಜಕ್ಕೆ ಆ ಹುಡುಗನಿಗಿರುವಷ್ಟು ತಾಳ್ಮೆಯೂ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ತೆಗೆದು ನೋಡಿ. ಪ್ರಾಣಿಯನ್ನು ಹೊಡೆದು ಬಡಿದು ಹಿಂಸಿಸಿದರೆ ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಈಗ ಒಂದು ಮಸಾಲೆ ದೋಸೆಗೂ ಸಾಲದು. ಹಳೆಯ ದಂಡ ಸಂಹಿತೆಯ 428ನೇ ಕಲಮಿನಲ್ಲಂತೂ ಸತ್ತ ಪ್ರಾಣಿಗೆ 10 ರೂಪಾಯಿಯಾದರೂ ಬೆಲೆ ಇರಬೇಕಿತ್ತು, ಆಗಲೇ ಅದು ಕೇಸು. ಬೀದಿಯಲ್ಲಿ ಸಿಕ್ಕಿದ ಕರಿಯನಿಗೆ ಬೆಲೆ ಕಟ್ಟುವವರು ಯಾರು? 2024ರ ಜುಲೈನಲ್ಲಿ ಹೊಸ ಸಂಹಿತೆ ಬಂದು ಬೆಲೆಯ ಮಾತು ಹೋಯಿತು. ಸದ್ಯ.

ಊರ ಕಡೆ ಇಂದಿಗೂ ಪಶು ಆಸ್ಪತ್ರೆಗೆ "ದನದ ಆಸ್ಪತ್ರೆ" ಎನ್ನುತ್ತೇವೆ. ಹೆಸರು ಸುಳ್ಳಲ್ಲ. ಹಾಲು ಕೊಡುವುದಕ್ಕೆ ಮೊದಲ ಪಾಳಿ, ಮೊಟ್ಟೆ ಇಡುವುದಕ್ಕೆ ಎರಡನೆಯದು, ಬಾಗಿಲು ಕಾಯುವುದಕ್ಕೆ ಡಾಕ್ಟರಿಗೆ ಪುರುಸೊತ್ತಾದರೆ. ಪೇಟೆಯ ಕತೆ ಬೇರೆ. ಅಲ್ಲಿ ದುಡ್ಡಿದ್ದರೆ ಸ್ಕ್ಯಾನಿಂಗೂ ಇದೆ, ಆದರೆ ಹೂಳಲು ಆರಡಿ ಮಣ್ಣಿಲ್ಲ. 30×40 ಸೈಟಿನ ಅಂಚಿನವರೆಗೂ ಸಿಮೆಂಟು. ಅದೇ ಪೇಟೆಯವರು ಹಿಮದ ನಾಡಿನ ಹಸ್ಕಿಯನ್ನು ತಂದು ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬಾಲ್ಕನಿಗೆ ಕಟ್ಟುತ್ತಾರೆ. ನಿಮ್ಮ ಕರಿಯನಂಥ ಮರಿಗಳು ಗೇಟಿನ ಹೊರಗೆ ಕೂತು ಅದನ್ನೇ ನೋಡುತ್ತಿರುತ್ತವೆ. ಈ ವಿಷಯ ಶುರು ಮಾಡಿದರೆ ಇನ್ನೆರಡು ಪುಟ ಬೇಕು, ನಿಲ್ಲಿಸುತ್ತೇನೆ.

"ಇನ್ನೊಂದು ಮರಿ ತಂದುಬಿಡಿ, ಸರಿಹೋಗುತ್ತೆ" ಎನ್ನುವವರು ಇಷ್ಟರಲ್ಲೇ ಬರುತ್ತಾರೆ. ಬಂದೂ ಇರಬಹುದು. ಕಾಫಿ ಕೊಟ್ಟು ಕಳಿಸಿ. ಮರಿ ತರುವುದು, ಬಿಡುವುದು ನಿಮ್ಮ ಕಾಲು ಎಂದು ಬೀದಿಯಲ್ಲಿ ಯಾವ ಮರಿಯ ಮುಂದೆ ನಿಲ್ಲುತ್ತದೋ ಅಂದಿನ ಮಾತು. ಸೂತಕ, ಶ್ರಾದ್ಧ ಎಂದು ಯಾರನ್ನೂ ಕೇಳಲು ಹೋಗಬೇಡಿ. ನಮ್ಮಲ್ಲಿ ತೀರಿಕೊಂಡ ಓದುಗರ ಹೆಸರು ಹಾಕುವ ಚಿಕ್ಕ ಚೌಕ ಕೊನೆಯ ಪುಟದಲ್ಲಿ ಇದೆ, ನಿಮಗೆ ಗೊತ್ತು. ಈ ಸಲ ಅದರ ಕೆಳಗೆ "ಕರಿಯ, ತಿಪಟೂರು, 13 ವರ್ಷ" ಎಂದು ಹಾಕಿದ್ದೇನೆ. ಕರಿಯ ಓದುಗನಲ್ಲ ಎಂದು ಪದಬಂಧದವರು ಬರೆದರೆ ನಾನು ನೋಡಿಕೊಳ್ಳುತ್ತೇನೆ.

ಬಟ್ಟಲಿನ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಗುಂಡನದು ಸ್ಟೀಲಿನ ಬಟ್ಟಲು. ನನ್ನ ಹೆಂಡತಿ ಅದಕ್ಕೆ ಮಣ್ಣು ತುಂಬಿ ಕೊತ್ತಂಬರಿ ಹಾಕಿದ್ದಾಳೆ. ಚೆನ್ನಾಗಿ ಬರುತ್ತಿಲ್ಲ. ತಳದಲ್ಲಿ ತೂತಿಲ್ಲ, ನೀರು ನಿಂತು ಬೇರು ಕೊಳೆಯುತ್ತದೆ. ಡ್ರಿಲ್ ಮಷೀನು ಮನೆಯಲ್ಲೇ ಇದೆ. ಎರಡು ವರ್ಷವಾಯಿತು, ಅವಳೂ ತೂತು ಕೊರೆದಿಲ್ಲ, ನಾನೂ ಕೊರೆದಿಲ್ಲ.