ದಸರಾ ರಜೆಯಲ್ಲಿ ಗಂಗಾವತಿಯಿಂದ ಸ್ಪಿತಿ ಕಣಿವೆಗೆ: ಹಿರಿಯರು, ಮಗು ಜೊತೆಗಿದ್ದರೆ ಏಳು ದಿನ ಸಾಕೇ?

ನಿಮ್ಮ ಪ್ರಶ್ನೆ ಇದು: ದಸರಾ ರಜೆಯಲ್ಲಿ ಗಂಗಾವತಿಯಿಂದ ಹೊರಟು, ಅರವತ್ತು ದಾಟಿದ ತಂದೆ ತಾಯಿ ಹಾಗೂ ಎಂಟು ವರ್ಷದ ಮಗಳೊಂದಿಗೆ ಹಿಮಾಚಲ ಪ್ರದೇಶದ ಸ್ಪಿತಿಯನ್ನು ಏಳು ದಿನಗಳಲ್ಲಿ ನೋಡಿ ಬರಬಹುದೇ? ವಿಮಾನದಲ್ಲಿ ಚಂಡೀಗಢ, ಅಲ್ಲಿಂದ ಕಾರಿನಲ್ಲಿ ಮನಾಲಿ, ಮರುದಿನ ಸಂಜೆಗೆ ಸ್ಪಿತಿಯ ಮುಖ್ಯ ಊರಾದ ಕಾಜಾ ಎಂಬ ಲೆಕ್ಕ ಸರಿಯೇ?

ಸ್ಪಿತಿಗೆ ಖಂಡಿತ ಹೋಗಿ, ಈ ಲೆಕ್ಕದಲ್ಲಿ ಮಾತ್ರ ಹೋಗಬೇಡಿ. ನಾನು ಕೊಪ್ಪಳದವನು. ಮನೆಯ ಹಿರಿಯರನ್ನು ಕರೆದುಕೊಂಡು ಆ ದಾರಿಯಲ್ಲಿ ಹೋಗಿ ಬಂದಿದ್ದೇನೆ, ಆಮೇಲೆ ನಮ್ಮ ಭಾಗದ ಹಲವು ಕುಟುಂಬಗಳಿಗೆ ದಾರಿಯ ಯೋಜನೆ ಹಾಕಿಕೊಟ್ಟಿದ್ದೇನೆ. ಎಲ್ಲರಿಗೂ ಮೊದಲು ಹೇಳುವ ಮಾತು ಒಂದೇ. ನೋಡಬೇಕಾದ ಜಾಗಗಳ ಪಟ್ಟಿ ಆಮೇಲೆ ಇರಲಿ, ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಎಂಬುದನ್ನು ಮೊದಲು ಬರೆದುಕೊಳ್ಳಿ.

ನಮ್ಮ ಬಯಲುಸೀಮೆಯ ಊರುಗಳು ಸಮುದ್ರಮಟ್ಟದಿಂದ ಸುಮಾರು 400ರಿಂದ 550 ಮೀಟರ್ ಎತ್ತರದಲ್ಲಿವೆ. ಮನಾಲಿ ಸುಮಾರು 2,000 ಮೀಟರ್. ಅಲ್ಲಿಂದ ಕಾಜಾಕ್ಕೆ ಹೋಗುವ ದಾರಿ 4,500 ಮೀಟರಿಗೂ ಮೇಲಿರುವ ಕುಂಜುಂ ಕಣಿವೆಮಾರ್ಗವನ್ನು ಹತ್ತಿ ಇಳಿಯುತ್ತದೆ. ಕಾಜಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ, ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತ ತುಸು ಕಡಿಮೆ. ಆಮ್ಲಜನಕ ಕಡಿಮೆಯಾದಾಗ ದೇಹ ಉಸಿರಾಟದ ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ಅದರಿಂದ ರಕ್ತದಲ್ಲಿ ಕ್ಷಾರದ ಅಂಶ ಏರುತ್ತದೆ, ಅದನ್ನು ಮೂತ್ರಪಿಂಡಗಳು ಸರಿದೂಗಿಸಬೇಕು. ಈ ಹೊಂದಾಣಿಕೆಗೆ ಗಂಟೆಗಳು ಸಾಲವು, ದಿನಗಳೇ ಬೇಕು. ರಾಯಚೂರಿನ ಬಿಸಿಲಿನಲ್ಲಿ ದಿನವಿಡೀ ಹೊಲದಲ್ಲಿ ದುಡಿದ ಗಟ್ಟಿ ಮೈಯಾದರೂ ಇದರಿಂದ ವಿನಾಯಿತಿ ಇಲ್ಲ. ಹರೆಯದ ಹುಡುಗ ಸುಸ್ತಾಗಿ ಮಲಗಿ, ಅವನ ಅಜ್ಜಿ ಆರಾಮವಾಗಿ ಓಡಾಡುವುದೂ ಉಂಟು. ಯಾರಿಗೆ ತೊಂದರೆಯಾಗುತ್ತದೆ ಎಂದು ಮೊದಲೇ ತಿಳಿಯುವ ಉಪಾಯವಿಲ್ಲ, ಆದ್ದರಿಂದ ಎಲ್ಲರೂ ನಿಧಾನವಾಗಿ ಏರಬೇಕು.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರು ಹೇಳುವ ನಿಯಮ. ಇದನ್ನು ಪಾಲಿಸಲು ಶಿಮ್ಲಾ ಕಡೆಯಿಂದ ಕಿನ್ನೌರ್ ಜಿಲ್ಲೆಯ ಮೂಲಕ ಹೋಗುವ ದಾರಿಯೇ ಅನುಕೂಲ. ಶಿಮ್ಲಾ ಸುಮಾರು 2,200 ಮೀಟರ್. ಮರುದಿನ ನಾರ್ಕಂಡಾ ಅಥವಾ ಸರಾಹನ್‌ನಲ್ಲಿ ತಂಗಿ. ಅದರ ಮುಂದಿನ ಊರು ಕಲ್ಪಾ, ಸುಮಾರು 2,960 ಮೀಟರ್. ಇಲ್ಲಿ ಎರಡು ರಾತ್ರಿ ಇರಲೇಬೇಕು. ಇದನ್ನು ವ್ಯರ್ಥ ದಿನ ಎಂದುಕೊಳ್ಳಬೇಡಿ. ಎದುರಿಗೇ ಆರು ಸಾವಿರ ಮೀಟರ್ ಮೀರಿದ ಕಿನ್ನರ ಕೈಲಾಸ ನಿಂತಿರುತ್ತದೆ, ದಸರೆಯ ಹೊತ್ತಿಗೆ ತೋಟಗಳಲ್ಲಿ ಸೇಬಿನ ಕೊಯ್ಲು ನಡೆದಿರುತ್ತದೆ. ನಿಮ್ಮ ತಾಯಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಹಿಡಿಸುವ ಜಾಗ ಇದೇ ಆದರೂ ನನಗೆ ಆಶ್ಚರ್ಯವಿಲ್ಲ.

ಕಲ್ಪಾದ ನಂತರ ಬಹಳಷ್ಟು ಪ್ರವಾಸ ಸಂಸ್ಥೆಗಳು ನಾಕೋದಲ್ಲಿ ರಾತ್ರಿ ಉಳಿಸುತ್ತವೆ. ನಾಕೋ 3,600 ಮೀಟರ್ ದಾಟುತ್ತದೆ, ಅಂದರೆ ಒಂದೇ ದಿನಕ್ಕೆ 700 ಮೀಟರಿನ ಜಿಗಿತ. ಅಲ್ಲಿನ ಕೆರೆಯನ್ನು ಹಗಲಿನಲ್ಲಿ ನೋಡಿ, ಊಟ ಮುಗಿಸಿ, ಮುಂದೆ ಸಾಗಿ ತಾಬೋದಲ್ಲಿ ಮಲಗಿ. ತಾಬೋ ಸುಮಾರು 3,280 ಮೀಟರ್. ಅಲ್ಲಿಂದ ಕಾಜಾಕ್ಕೆ ಹೋದರೆ ಏರಿಕೆ ಮಿತಿಯೊಳಗೇ ಇರುತ್ತದೆ. ಕಾಜಾದಲ್ಲಿ ಮೂರು ರಾತ್ರಿ ಉಳಿದು ಕೀ ಮಠ, ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಹಳ್ಳಿಗಳು ಎಲ್ಲವನ್ನೂ ಹಗಲಿನಲ್ಲಿ ನೋಡಿ ಸಂಜೆಗೆ ಕೆಳಗಿಳಿಯಿರಿ. ಕೋಮಿಕ್ ಸುಮಾರು 4,580 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ರಾತ್ರಿ ತಂಗುವ ಆಸೆ ಬೇಡ.

ತಾಬೋಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಕ್ರಿ.ಶ. 996ರಲ್ಲಿ ಸ್ಥಾಪನೆಯಾದ ಬೌದ್ಧ ಮಠ ಅದು, ನಮ್ಮ ವಿಜಯನಗರ ಸಾಮ್ರಾಜ್ಯಕ್ಕಿಂತ ಮೂರು ಶತಮಾನಕ್ಕೂ ಹಳೆಯದು. ಹೊರಗಿನಿಂದ ನೋಡಿದರೆ ಮಣ್ಣಿನ ಗೋಡೆಗಳ ತಗ್ಗಾದ ಕಟ್ಟಡ, ಅಷ್ಟೇ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ನಾಲ್ಕೂ ಗೋಡೆಗಳ ಮೇಲೆ, ತಲೆಗಿಂತ ಎತ್ತರದಲ್ಲಿ, ಮಣ್ಣಿನಲ್ಲಿ ಮಾಡಿದ ದೇವತಾಮೂರ್ತಿಗಳು ಒಂದೊಂದಾಗಿ ಹೊರಬರುತ್ತವೆ. ಪ್ರತಿಯೊಂದರ ಬೆರಳುಗಳ ಮುದ್ರೆ ಬೇರೆ. ಕೆಳಗಿನ ಗೋಡೆಯ ತುಂಬ ಚಿತ್ರಗಳು. ಒಳಗೆ ಫೋಟೊ ತೆಗೆಯುವಂತಿಲ್ಲ, ತೆಗೆಯಲೂ ಬಾರದು. ಮಳೆ ತೀರ ಕಡಿಮೆ ಇರುವುದರಿಂದಲೇ ಈ ಮಣ್ಣಿನ ಕಟ್ಟಡ ಸಾವಿರ ವರ್ಷ ಬಾಳಿದೆ. ಮಸ್ಕಿಯಲ್ಲಿ, ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನಗಳನ್ನು ಇಟ್ಟುಕೊಂಡಿರುವ ನಮಗೆ ಬೌದ್ಧ ಧರ್ಮ ಹೊರಗಿನದೇನಲ್ಲ. ಹೊರಡುವ ಮುನ್ನ ಮಗಳಿಗೆ ಅವುಗಳನ್ನೊಮ್ಮೆ ತೋರಿಸಿದರೆ ತಾಬೋದಲ್ಲಿ ಅವಳು ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ.

ಇನ್ನು ಕಾಲದ ವಿಚಾರ. ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ ಬರುತ್ತದೆ. ಆಗ ಸಾಮಾನ್ಯವಾಗಿ ಕುಂಜುಂನಲ್ಲಿ ಹಿಮ ತುಂಬಿರುತ್ತದೆ, ಮನಾಲಿ ಕಡೆಯ ದಾರಿ ತೆರೆಯುವುದು ಮೇ ಕೊನೆಗೋ ಜೂನ್‌ಗೋ. ಜುಲೈ, ಆಗಸ್ಟ್‌ನಲ್ಲಿ ಸ್ಪಿತಿ ಮಳೆಯ ನೆರಳಿನಲ್ಲಿ ಒಣಗಿಯೇ ಇದ್ದರೂ ಅಲ್ಲಿಗೆ ತಲುಪಿಸುವ ಶಿಮ್ಲಾ, ಕಿನ್ನೌರ್ ರಸ್ತೆಗಳಲ್ಲಿ ಗುಡ್ಡ ಕುಸಿಯುತ್ತದೆ. ಆದ್ದರಿಂದ ದಸರೆಯ ನಿಮ್ಮ ಆಯ್ಕೆ ಒಳ್ಳೆಯದು: ಆಕಾಶ ತಿಳಿಯಾಗಿರುತ್ತದೆ, ಇತ್ತ ಭತ್ತದ ಕೊಯ್ಲಿಗೂ ಇನ್ನೂ ಸಮಯವಿರುತ್ತದೆ. ಆದರೆ ಅಕ್ಟೋಬರ್‌ನಲ್ಲಿ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಒಂದು ದಪ್ಪ ಸ್ವೆಟರ್ ನಂಬಿಕೊಂಡು ಹೋಗುವ ಬದಲು ಒಳಗೆ ಉಷ್ಣ ಒಳಉಡುಪು, ನಡುವೆ ಉಣ್ಣೆ, ಹೊರಗೆ ಗಾಳಿ ತಡೆಯುವ ಜಾಕೆಟ್ ಹೀಗೆ ಪದರಪದರವಾಗಿ ಹಾಕಿಕೊಳ್ಳಿ. ಹಗಲಿನ ಬಿಸಿಲು ಚರ್ಮವನ್ನು ಸುಡುತ್ತದೆ, ಟೋಪಿ ಮತ್ತು ಕಪ್ಪು ಕನ್ನಡಕ ಮಗುವಿಗೂ ಬೇಕು.

ಹಿಂದಿರುಗುವಾಗ ಕುಂಜುಂ, ಬಾತಲ್, ಗ್ರಾಂಫು ಮೂಲಕ ಮನಾಲಿಗೆ ಇಳಿಯಬಹುದು. 2020ರಲ್ಲಿ ತೆರೆದ ಸುಮಾರು 9 ಕಿಲೋಮೀಟರ್ ಉದ್ದದ ಅಟಲ್ ಸುರಂಗದಿಂದ ರೋಹತಾಂಗ್ ಕಣಿವೆಮಾರ್ಗ ಹತ್ತುವ ಶ್ರಮ ತಪ್ಪಿದೆ. ಆದರೂ ಬಾತಲ್‌ನಿಂದ ಗ್ರಾಂಫುವರೆಗಿನ ಕಲ್ಲು, ತೊರೆಗಳ ದಾರಿ ಹಿರಿಯರ ಸೊಂಟಕ್ಕೆ ಕಷ್ಟ. ಹಿಮ ಬಿದ್ದ ಸುದ್ದಿ ಬಂದರೆ ಎರಡನೆಯ ಯೋಚನೆ ಇಲ್ಲದೆ ಬಂದ ದಾರಿಯಲ್ಲೇ ವಾಪಸಾಗಿ, ಅದಕ್ಕಾಗಿ ಎರಡು ದಿನ ಹೆಚ್ಚುವರಿ ಇಟ್ಟುಕೊಂಡಿರಿ. 4,250 ಮೀಟರ್ ಎತ್ತರದ ಚಂದ್ರತಾಲ್ ಸರೋವರವನ್ನು ಈ ಬಾರಿ ಬಿಟ್ಟುಬಿಡಿ.

ಆರೋಗ್ಯದ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು. ತಂದೆಯವರಿಗೆ ರಕ್ತದೊತ್ತಡ ಇದೆ ಎಂದು ಬರೆದಿದ್ದೀರಿ. ಹೊರಡುವ ಒಂದು ತಿಂಗಳ ಮೊದಲು ಗಂಗಾವತಿಯಲ್ಲಿಯೋ ಬಳ್ಳಾರಿಯಲ್ಲಿಯೋ ಹೃದಯ ತಪಾಸಣೆ ಮಾಡಿಸಿ, ಹೋಗುತ್ತಿರುವ ಜಾಗದ ಎತ್ತರವನ್ನು ಮೀಟರ್‌ಗಳಲ್ಲಿ ಹೇಳಿ ವೈದ್ಯರ ಒಪ್ಪಿಗೆ ಪಡೆಯಿರಿ. ಡೈಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸಿಟಜೋಲಮೈಡ್ ಮಾತ್ರೆ ದೇಹದ ಹೊಂದಾಣಿಕೆಯನ್ನು ಚುರುಕುಗೊಳಿಸುತ್ತದೆ. ಸಲ್ಫಾ ಔಷಧಿಗಳ ಅಲರ್ಜಿ ಇರುವವರಿಗೆ ಅದು ಆಗದಿರಬಹುದು, ಆದ್ದರಿಂದ ಅಂಗಡಿಯಲ್ಲಿ ಕೇಳಿ ತಂದು ನುಂಗುವುದು ಬೇಡ. ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ ಕಂಡರೆ ಆ ದಿನ ಮೇಲೆ ಹೋಗಬೇಡಿ, ಇದ್ದಲ್ಲೇ ವಿಶ್ರಾಂತಿ. ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಒಂದು ಹೆಜ್ಜೆಯ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿಗೆ ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಯಲು ಹೇಳಿ. ತೂರಾಡಿದರೆ ಮಿದುಳಿಗೆ ತೊಂದರೆಯಾಗಿರುವ ಲಕ್ಷಣ. ಇವೆರಡಕ್ಕೂ ತಕ್ಷಣ ಕೆಳಗಿಳಿಯುವುದೇ ಮುಖ್ಯ ಚಿಕಿತ್ಸೆ, ರಾತ್ರಿಯಾಗಿದ್ದರೂ ಬೆಳಗಿಗೆ ಕಾಯಬಾರದು. ಮಗಳು ತನ್ನ ತಲೆನೋವನ್ನು ಪ್ರವಾಸ ನಿಂತುಹೋದೀತೆಂದು ಮುಚ್ಚಿಡಬಹುದು. ಹೇಳಿದರೆ ಯಾರೂ ಬೈಯುವುದಿಲ್ಲ ಎಂದು ಮನೆಯಲ್ಲೇ ಅವಳಿಗೆ ಮಾತು ಕೊಡಿ.

ಊಟಕ್ಕೆ ಅಕ್ಕಿ ಒಯ್ಯುವ ಆಲೋಚನೆ ನಿಮಗಿದೆ. ಕಾಜಾದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಸೋನಾ ಮಸೂರಿಯೂ ಬೇಳೆಯೂ ಸರಿಯಾಗಿ ಬೇಯುವುದಿಲ್ಲ. ಪ್ರೆಶರ್ ಕುಕ್ಕರ್ ಹೊತ್ತು ತಿರುಗುವ ಬದಲು ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಕೊಳ್ಳಿ. ಎತ್ತರದಲ್ಲಿ ಹಸಿವು ಸತ್ತಾಗ ಬಾಯಿಗೆ ರುಚಿಸುವುದು ಅದೇ. ಮುಚ್ಚಿದ ಬಿಸ್ಕತ್ತಿನ ಪೊಟ್ಟಣಗಳು ಅಲ್ಲಿ ಬಲೂನಿನಂತೆ ಉಬ್ಬುತ್ತವೆ, ಮಗಳಿಗೆ ಗಾಳಿಯ ಒತ್ತಡವನ್ನು ವಿವರಿಸಲು ಅಷ್ಟು ಸಾಕು.

ನೀರನ್ನು ಕೈಬಿಗಿ ಹಿಡಿದು ಬಳಸಿ. ಹಿಮ ಕರಗಿದ ನೀರನ್ನು ಕಿರುಗಾಲುವೆಗಳಲ್ಲಿ ಹರಿಸಿಕೊಂಡು ಅಲ್ಲಿನವರು ಬಾರ್ಲಿ, ಹಸಿ ಬಟಾಣಿ ಬೆಳೆಯುತ್ತಾರೆ, ಆ ಕಾಲುವೆಗಳಿಗೆ ಕೂಲ್ ಎನ್ನುತ್ತಾರೆ. ಆನೆಗುಂದಿ ಸುತ್ತಲಿನ ವಿಜಯನಗರ ಕಾಲದ ಕಾಲುವೆಗಳಿಂದ ಉಣ್ಣುತ್ತಿರುವ ನಿಮಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಹೋಟೆಲ್ಲಿಗಿಂತ ಮನೆವಾಸ (ಹೋಂಸ್ಟೇ) ಹಿಡಿಯಿರಿ, ದುಡ್ಡು ಊರಿನವರಿಗೇ ಸೇರುತ್ತದೆ. ನಗದನ್ನು ಶಿಮ್ಲಾದಲ್ಲೇ ತೆಗೆದಿಟ್ಟುಕೊಳ್ಳಿ. ಭಾರತೀಯರಿಗೆ ಸ್ಪಿತಿಗೆ ಪರವಾನಗಿ ಬೇಕಿಲ್ಲ, ಆಧಾರ್ ಕೈಯಲ್ಲಿರಲಿ.

ಒಟ್ಟು ದಿನಗಳ ಲೆಕ್ಕ: ಶಿಮ್ಲಾದಿಂದ ಮನಾಲಿಯವರೆಗೆ ಹತ್ತು ದಿನ, ಮೇಲೆ ಹೇಳಿದ ಹೆಚ್ಚುವರಿ ಎರಡು ದಿನ, ಹೋಗಿ ಬರುವ ರೈಲಿಗೆ ಬೇರೆ ನಾಲ್ಕೈದು ದಿನ. ಏಳೇ ದಿನ ಸಿಗುವುದಾದರೆ ಚಂಡೀಗಢಕ್ಕೆ ವಿಮಾನ ಹಿಡಿದು, ಸರಾಹನ್, ಸಾಂಗ್ಲಾ, ಕಲ್ಪಾ ನೋಡಿಕೊಂಡು ವಾಪಸಾಗಿ, ಸ್ಪಿತಿಯನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳಿ. ನಾನಾಗಿದ್ದರೆ ರಜೆ ಹೊಂದಿಸಿಕೊಂಡು ರೈಲಿನಲ್ಲೇ ಹೋಗುತ್ತೇನೆ: ರಾಯಚೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ಅಲ್ಲಿಂದ ಕಾಲ್ಕಾ, ಕಾಲ್ಕಾದಿಂದ 1903ರ ಪುಟ್ಟ ರೈಲಿನಲ್ಲಿ ಶಿಮ್ಲಾ. ಮುಂಗಡ ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ, ದಸರೆಯ ದಿನಗಳು ಬೇಗ ತುಂಬುತ್ತವೆ. ತಂದೆಯವರ ತಪಾಸಣೆಯ ವರದಿ ಬಂದ ಮೇಲೆ ಇಲ್ಲಿ ತಿಳಿಸಿ, ಯಾವ ರಾತ್ರಿ ಯಾವ ಊರು ಎಂದು ಕುಳಿತು ಬರೆದುಕೊಡುತ್ತೇನೆ.